ಹೈ ಪ್ರೆಶರ್ ಕೊಟ್ಟು ಒಣಗಿಸಿದ ಹಣ್ಣು ‘ಸತ್ತ ಹಣ್ಣೇ’? ಶುಗರ್ ಇದ್ದವರು ಎಷ್ಟು ಬೇಕಾದರೂ ತಿನ್ನಬಹುದೇ?

ಒಣಹಣ್ಣುಗಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಮೊದಲನೆಯದು ಹೆದರಿಸುವಂಥದ್ದು: “ಫ್ಯಾಕ್ಟರಿಯಲ್ಲಿ ಹಣ್ಣನ್ನು ಸಾವಿರಾರು ಪಟ್ಟು ಒತ್ತಡದಲ್ಲಿ ಹಿಂಡಿ ಅದರ ಜೀವಕೋಶ ಕೊಲ್ಲುತ್ತಾರೆ, ಅದು ಸತ್ತ ಹಣ್ಣು, ಮಕ್ಕಳಿಗೆ ಕೊಡಬೇಡಿ.” ಎರಡನೆಯದು ಆಸೆ ಹುಟ್ಟಿಸುವಂಥದ್ದು: “ಬೆಂಕಿ ಇಲ್ಲ, ಕೆಮಿಕಲ್ ಇಲ್ಲ, ಬರೀ ಒತ್ತಡ. ಎಲ್ಲ ಪೋಷಕಾಂಶ ಹಾಗೇ ಇರುತ್ತೆ, ಶುಗರ್ ಇರುವವರೂ ಧಾರಾಳವಾಗಿ ತಿನ್ನಬಹುದು.”

ಮೊದಲನೆಯದರಲ್ಲಿ ಒಂದು ನಿಜ ಇದೆ, ಅದಕ್ಕೆ ಕೊಟ್ಟಿರುವ ಅರ್ಥ ತಪ್ಪು. ಎರಡನೆಯದನ್ನು ನಂಬಿದರೆ ಮನೆಯಲ್ಲಿ ಶುಗರ್ ಇರುವವರಿಗೆ ನಿಜವಾಗಿಯೂ ತೊಂದರೆ ಆಗಬಹುದು. ಹಾಗಾಗಿ ಈ ತಂತ್ರಜ್ಞಾನ ಏನು, ಹಣ್ಣಿನೊಳಗೆ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿಯೇ ನೋಡೋಣ.

ಹಣ್ಣು ಒಣಗುವುದು ಏಕೆ ಅಷ್ಟು ನಿಧಾನ?

ಒದ್ದೆ ಬಟ್ಟೆ ಬಿಸಿಲಿಗೆ ಹಾಕಿದರೆ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ಅದೇ ಬಿಸಿಲಿಗೆ ಹಲಸಿನ ತೊಳೆಯನ್ನೋ ಬಾಳೆಹಣ್ಣನ್ನೋ ಇಟ್ಟರೆ ದಿನಗಟ್ಟಲೆ ಬೇಕು. ಬಟ್ಟೆಯಲ್ಲಿ ನೀರು ಎಳೆಗಳ ನಡುವೆ ಸುಮ್ಮನೆ ಸಿಕ್ಕಿಕೊಂಡಿರುತ್ತದೆ. ಹಣ್ಣಿನಲ್ಲಿ ಹಾಗಲ್ಲ. ಅಲ್ಲಿ ನೀರು ಲಕ್ಷಾಂತರ ಜೀವಕೋಶಗಳ ಒಳಗಿದೆ. ಒಂದೊಂದು ಜೀವಕೋಶವೂ ನೀರು ತುಂಬಿ ಬಾಯಿ ಕಟ್ಟಿದ ಪುಟ್ಟ ಚೀಲದ ಹಾಗೆ. ಆ ಚೀಲವೇ ಜೀವಕೋಶದ ಪೊರೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂದು ತೀರ್ಮಾನಿಸುವುದು ಅದೇ. ಹಣ್ಣಿನ ಮಧ್ಯಭಾಗದ ನೀರು ಹೊರಗೆ ಬರಬೇಕಾದರೆ ಇಂಥ ನೂರಾರು ಪೊರೆಗಳನ್ನು ದಾಟಬೇಕು.

ಅನಾನಸಿನ ತಿರುಳಿನಲ್ಲಿ ಸುಮಾರು ಶೇ. 86ರಷ್ಟು ನೀರು. ಒಂದು ಕಿಲೋ ಹೋಳು ತೆಗೆದುಕೊಂಡರೆ ನೀರು ಬಿಟ್ಟು ಉಳಿದ ಅಂಶ 140 ಗ್ರಾಂ ಮಾತ್ರ. ಅದನ್ನು ಶೇ. 15ರ ತೇವಾಂಶಕ್ಕೆ ಒಣಗಿಸಿದರೆ ಕೈಗೆ ಸಿಗುವುದು ಸುಮಾರು 165 ಗ್ರಾಂ. ಅಂದರೆ 835 ಗ್ರಾಂ ನೀರು ಹೊರಗೆ ಹೋಗಬೇಕು. ಆರಂಭದಲ್ಲಿ ಮೇಲ್ಮೈಯ ನೀರು ಬೇಗ ಹೋಗುತ್ತದೆ. ಆಮೇಲೆ ಒಳಗಿನ ನೀರು ಹೊರಗೆ ಬರುವವರೆಗೆ ಕಾಯಬೇಕು, ಇಲ್ಲಿ ವೇಗ ಕುಸಿಯುತ್ತದೆ. ಬೇಗ ಆಗಲಿ ಎಂದು ಬಿಸಿ ಜಾಸ್ತಿ ಮಾಡಿದರೆ ಹೊರಪದರ ಗಟ್ಟಿಯಾಗಿ ಚರ್ಮದಂತಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಮನೆಯಲ್ಲಿ ಸಂಡಿಗೆ, ಹಪ್ಪಳ ಒಣಗಿಸುವವರಿಗೆ ಈ ಕಷ್ಟ ಗೊತ್ತು: ಮೇಲೆ ಗರಿಗರಿ, ನಾಲ್ಕು ದಿನ ಬಿಟ್ಟು ಡಬ್ಬಿ ತೆಗೆದರೆ ಬೂಷ್ಟು.

ಹಾಗಾದರೆ ಒಣಗಿಸುವ ಮೊದಲೇ ಪೊರೆಯ ಬಾಯಿ ಸ್ವಲ್ಪ ಬಿಚ್ಚಿದರೆ? ಹಣ್ಣು ಒಣಗಿಸುವ ಮುನ್ನ ಮಾಡುವ ಸಂಸ್ಕರಣೆಗಳಲ್ಲಿ ಹೆಚ್ಚಿನವು ಈ ಯೋಚನೆಯಿಂದಲೇ ಬಂದವು. ಹೈ ಪ್ರೆಶರ್ ಅವುಗಳಲ್ಲಿ ಒಂದು.

ಅಷ್ಟು ಒತ್ತಡ ಕೊಟ್ಟರೆ ಹಣ್ಣು ಅಪ್ಪಚ್ಚಿ ಆಗುವುದಿಲ್ಲವೇ?

ಇದು ಎಲ್ಲರಿಗೂ ಬರುವ ಮೊದಲ ಪ್ರಶ್ನೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಒಂದು ದ್ರಾಕ್ಷಿ ಹಾಕಿ, ಗಾಳಿ ಉಳಿಯದಂತೆ ತುದಿಯವರೆಗೂ ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಈಗ ಬಾಟಲಿಯನ್ನು ಎರಡೂ ಕೈಯಿಂದ ಎಷ್ಟು ಬಲವಾಗಿ ಬೇಕಾದರೂ ಹಿಂಡಿ. ದ್ರಾಕ್ಷಿಗೆ ಏನೂ ಆಗುವುದಿಲ್ಲ. ಅದೇ ದ್ರಾಕ್ಷಿಯನ್ನು ಬೆರಳುಗಳ ನಡುವೆ ಹಿಡಿದು ಒತ್ತಿ, ಪಿಚಕ್ಕೆಂದು ಒಡೆಯುತ್ತದೆ. ಬೆರಳು ಒತ್ತುವುದು ಎರಡು ಕಡೆಯಿಂದ. ನೀರು ಒತ್ತುವುದು ಎಲ್ಲ ಕಡೆಯಿಂದ, ಒಂದೇ ಸಮ. ಆಗ ಹಣ್ಣು ಯಾವ ಕಡೆಗೂ ಚಪ್ಪಟೆಯಾಗಲಾರದು.

ಯಂತ್ರದಲ್ಲೂ ಮಾಡುವುದು ಇದನ್ನೇ. ಹಣ್ಣಿನ ಹೋಳುಗಳನ್ನು ಮೆತ್ತಗಿನ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಸೀಲ್ ಮಾಡುತ್ತಾರೆ. ದಪ್ಪ ಗೋಡೆಯ ಉಕ್ಕಿನ ಕೊಳವೆಯೊಳಗೆ ಇಟ್ಟು, ನೀರು ತುಂಬಿ, ಪಂಪ್‌ನಿಂದ ಇನ್ನಷ್ಟು ನೀರು ನುಗ್ಗಿಸುತ್ತಾರೆ. ಕೆಲವು ನಿಮಿಷ ಹಾಗೇ ಹಿಡಿದು ಒತ್ತಡ ಬಿಡುತ್ತಾರೆ. ಒತ್ತಡ ಎಷ್ಟು? ಸಾಮಾನ್ಯವಾಗಿ 100ರಿಂದ 600 ಮೆಗಾಪಾಸ್ಕಲ್. 400 ಮೆಗಾಪಾಸ್ಕಲ್ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 4,000 ಪಟ್ಟು. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಆನೆ ನಿಂತ ಹಾಗೆ. ಸಮುದ್ರದಲ್ಲಿ ಅತಿ ಆಳವಾದ ಮರಿಯಾನಾ ಕಂದಕದ ತಳದಲ್ಲೂ ಒತ್ತಡ ಇರುವುದು ಸುಮಾರು 1,100 ಪಟ್ಟು ಮಾತ್ರ.

ಒಂದು ಮಾತು ಸೇರಿಸಬೇಕು. ದ್ರಾಕ್ಷಿ, ಅನಾನಸಿನಂಥ ರಸಭರಿತ ಹಣ್ಣು ಆಕಾರ ಉಳಿಸಿಕೊಳ್ಳುತ್ತದೆ. ಸೇಬಿನಲ್ಲಿ ಐದನೇ ಒಂದು ಭಾಗದಷ್ಟು ಗಾಳಿಯೇ ಇರುವುದರಿಂದ ಅದು ಅಷ್ಟು ಚೆನ್ನಾಗಿ ತಡೆದುಕೊಳ್ಳುವುದಿಲ್ಲ. ನೀರು ಹೆಚ್ಚು ಕುಗ್ಗದು, ಗಾಳಿ ಕುಗ್ಗುತ್ತದೆ.

ಪ್ರೆಶರ್ ಕುಕ್ಕರ್‌ನಲ್ಲಿ ಇದನ್ನು ಮಾಡಬಹುದೇ?

ಆಗುವುದಿಲ್ಲ, ದಯವಿಟ್ಟು ಪ್ರಯತ್ನಿಸಲೂ ಬೇಡಿ. ಕುಕ್ಕರ್‌ನೊಳಗೆ ಹೊರಗಿನ ಗಾಳಿಗಿಂತ ಸುಮಾರು ಒಂದು ಪಟ್ಟು ಮಾತ್ರ ಹೆಚ್ಚು ಒತ್ತಡ ಇರುತ್ತದೆ. ಅಲ್ಲಿ ಕೆಲಸ ಮಾಡುವುದು ಒತ್ತಡ ಅಲ್ಲ, 120 ಡಿಗ್ರಿ ಹತ್ತಿರದ ಬಿಸಿ. ಹಣ್ಣು ಬೆಂದು ಮುದ್ದೆಯಾಗುತ್ತದೆ ಅಷ್ಟೇ. “ವಿಷಲ್ ಬಿಗಿ ಮಾಡಿ ಒತ್ತಡ ಹೆಚ್ಚಿಸಿ” ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ, ಕುಕ್ಕರ್ ಸಿಡಿಯುತ್ತದೆ.

ಒತ್ತಡದಿಂದ ಹಣ್ಣಿನಲ್ಲಿ ಬದಲಾಗುವುದೇನು, ಉಳಿಯುವುದೇನು?

“ಜೀವಕೋಶ ಕೊಲ್ಲುತ್ತಾರೆ” ಎಂಬ ಮಾತು ನಿಜ ಎಂದೆನಲ್ಲ, ಅದು ಇಲ್ಲಿದೆ. ಜೀವಕೋಶದ ಪೊರೆ ಕೊಬ್ಬಿನ ಅಣುಗಳ ಎರಡು ಸಾಲು. ಅವು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಂಡಿಲ್ಲ, ದುರ್ಬಲ ಸೆಳೆತದಿಂದ ಜೊತೆಯಾಗಿ ನಿಂತಿವೆ. ಭಾರಿ ಒತ್ತಡದಲ್ಲಿ ಈ ಸಾಲು ಕಲಸಿಹೋಗುತ್ತದೆ. ಪೊರೆಯಲ್ಲಿ ಕಿಂಡಿಗಳು ಬೀಳುತ್ತವೆ. ಒತ್ತಡ ಬಿಟ್ಟಾಗ ಇನ್ನಷ್ಟು ಹಾನಿ. ಆಮೇಲೆ ಅದು ನೀರನ್ನು ಹಿಡಿದಿಡಲಾರದು. ಹಾಗಾಗಿ ಹೌದು, ಜೀವಕೋಶ ಸಾಯುತ್ತದೆ.

ಆದರೆ ನೀವು ಹಣ್ಣನ್ನು ಬೇಯಿಸಿದರೆ, ಫ್ರೀಜರ್‌ನಲ್ಲಿಟ್ಟರೆ, ಜ್ಯೂಸ್ ಮಾಡಿದರೆ, ಕೊನೆಗೆ ಬಾಯಲ್ಲಿ ಹಾಕಿ ಅಗಿದರೂ ಆಗುವುದು ಅದೇ. ಬಿಸಿಲಲ್ಲಿ ಒಣಗಿದ ಒಣದ್ರಾಕ್ಷಿಯಲ್ಲಿ ಒಂದು ಜೀವಂತ ಕೋಶವೂ ಉಳಿದಿರುವುದಿಲ್ಲ. ನಾವು ಹಣ್ಣು ತಿನ್ನುವುದು ಅದರಲ್ಲಿರುವ ನಾರು, ಸಕ್ಕರೆ, ವಿಟಮಿನ್, ಖನಿಜಗಳಿಗಾಗಿ. ಅದರ ಜೀವಕೋಶಗಳು ನಮ್ಮ ಹೊಟ್ಟೆಯಲ್ಲಿ ಬದುಕಿರಲಿ ಎಂದು ಅಲ್ಲ. “ಸತ್ತ ಹಣ್ಣು” ಎಂಬ ಮಾತಿಗೆ ಪೋಷಣೆಯ ಲೆಕ್ಕದಲ್ಲಿ ಅರ್ಥವೇ ಇಲ್ಲ.

ಇನ್ನು ಉಳಿಯುವುದೇನು? ವಿಟಮಿನ್ ಸಿ, ಬಣ್ಣ, ಪರಿಮಳದ ಅಣುಗಳೆಲ್ಲ ಚಿಕ್ಕವು. ಅವುಗಳ ಪರಮಾಣುಗಳು ಬಲವಾದ ಬಂಧದಲ್ಲಿ ಜೋಡಿಸಿಕೊಂಡಿವೆ. ಆ ಬಂಧವನ್ನು ಈ ಮಟ್ಟದ ಒತ್ತಡ ಮುರಿಯಲಾರದು. ಪ್ರೋಟೀನ್, ಪೊರೆಗಳಂಥ ದೊಡ್ಡ ರಚನೆಗಳ ದುರ್ಬಲ ಬಂಧಗಳು ಮಾತ್ರ ಕಳಚುತ್ತವೆ. ಅಮೆರಿಕದ ಭೌತವಿಜ್ಞಾನಿ ಪರ್ಸಿ ಬ್ರಿಡ್ಜ್‌ಮನ್ 1914ರಲ್ಲೇ ಬೆಂಕಿಯಿಲ್ಲದೆ ಬರೀ ಒತ್ತಡದಿಂದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುತ್ತದೆ ಎಂದು ತೋರಿಸಿದ್ದರು. ಅಧಿಕ ಒತ್ತಡದ ಭೌತವಿಜ್ಞಾನಕ್ಕಾಗಿ 1946ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲು, 1899ರಲ್ಲಿ, ವೆಸ್ಟ್ ವರ್ಜೀನಿಯಾದ ಬರ್ಟ್ ಹೈಟ್ ಹಾಲನ್ನು ಒತ್ತಡಕ್ಕೆ ಒಡ್ಡಿ ಹೆಚ್ಚು ದಿನ ಕೆಡದಂತೆ ಮಾಡಿದ್ದರು. ಜಪಾನಿನಲ್ಲಿ 1990ರಲ್ಲಿ ಈ ವಿಧಾನದ ಜಾಮ್ ಅಂಗಡಿಗೆ ಬಂತು. ಇಂದು ನಗರದ ಸೂಪರ್ ಮಾರ್ಕೆಟ್‌ನಲ್ಲಿ ಕೆಲವು ಕೋಲ್ಡ್ ಪ್ರೆಸ್ಡ್ ಜ್ಯೂಸ್ ಬಾಟಲಿಗಳ ಮೇಲೆ ‘ಎಚ್‌ಪಿಪಿ’ ಎಂದು ಬರೆದಿರುವುದು ಇದನ್ನೇ. ಅಂದರೆ ನಿನ್ನೆ ಮೊನ್ನೆ ಹುಟ್ಟಿದ ಗುಟ್ಟಿನ ತಂತ್ರ ಇದಲ್ಲ.

ಒಣಹಣ್ಣಿನ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ ಬೇಕು. ಒತ್ತಡ ವಿಟಮಿನ್ ಸಿ ಅನ್ನು ಉಳಿಸಬಹುದು, ಆದರೆ ಒತ್ತಡದ ನಂತರ ಹಣ್ಣು ಡ್ರೈಯರ್‌ಗೆ ಹೋಗಲೇಬೇಕು. ಬಿಸಿಗಾಳಿಯಲ್ಲಿ ಗಂಟೆಗಟ್ಟಲೆ ಇದ್ದಾಗ ವಿಟಮಿನ್ ಸಿ ನಷ್ಟವಾಗುತ್ತದೆ. ಒಣಗುವ ಸಮಯ ಕಡಿಮೆಯಾದರೆ ನಷ್ಟವೂ ಕಡಿಮೆಯಾದೀತು. “ಎಲ್ಲ ಪೋಷಕಾಂಶ ಹಾಗೇ ಇರುತ್ತದೆ” ಎಂಬುದಂತೂ ಸುಳ್ಳು.

ಮೈಸೂರಿನ ನಂಟು, ಅನಾನಸಿನ ಪ್ರಯೋಗ

ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಸಂಶೋಧನೆಯೊಂದಕ್ಕೆ ಮೈಸೂರಿನ ನಂಟಿದೆ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆಯ ಎನ್. ಕೆ. ರಸ್ತೋಗಿ ಮತ್ತು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಕೆ. ನಿರಂಜನ್ 1998ರಲ್ಲಿ ಪ್ರಕಟಿಸಿದ್ದು. ಅವರು ಅನಾನಸನ್ನು 100ರಿಂದ 800 ಮೆಗಾಪಾಸ್ಕಲ್‌ವರೆಗಿನ ಒತ್ತಡಕ್ಕೆ ಒಡ್ಡಿ, ನಂತರ ಸಕ್ಕರೆ ಪಾಕದಲ್ಲಿ ಮುಳುಗಿಸಿದರು.

ಪಾಕ ಏಕೆ? ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದಲ್ಲ, ಉಪ್ಪಿನಕಾಯಿಗೆ ಮಾವಿನ ಹೋಳು ಉಪ್ಪಿನಲ್ಲಿ ಹಾಕಿದಾಗಲೂ ಹಾಗೇ. ಹೊರಗೆ ಉಪ್ಪೋ ಸಕ್ಕರೆಯೋ ದಟ್ಟವಾಗಿದ್ದರೆ ಒಳಗಿನ ನೀರು ಅತ್ತ ಎಳೆಯಲ್ಪಡುತ್ತದೆ. ಹಣ್ಣನ್ನು ದಟ್ಟ ಪಾಕದಲ್ಲಿ ಕೆಲವು ಗಂಟೆ ಇಟ್ಟರೆ ಬೆಂಕಿ ಖರ್ಚಿಲ್ಲದೆ ಒಂದಷ್ಟು ನೀರು ಹೋಗುತ್ತದೆ. ಉಳಿದದ್ದನ್ನು ಡ್ರೈಯರ್‌ನಲ್ಲಿ ತೆಗೆಯುತ್ತಾರೆ. ಅಂಗಡಿಯಲ್ಲಿ ಸಿಗುವ ಮೆತ್ತಗಿನ, ಹೊಳೆಯುವ ಅನಾನಸು, ಪಪ್ಪಾಯಿ ತುಂಡುಗಳಲ್ಲಿ ಹಲವು ಹೀಗೆ ತಯಾರಾದವು.

ಒತ್ತಡ ಕೊಟ್ಟ ಅನಾನಸಿನಲ್ಲಿ ನೀರು ಹೊರಹೋಗುವ ಸರಾಗ ಸುಮಾರು ನಾಲ್ಕು ಪಟ್ಟಿನವರೆಗೂ ಹೆಚ್ಚಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಕೋಶಗಳ ಗೋಡೆಗಳು ಒಡೆದಿದ್ದವು. ಇಲ್ಲಿಯವರೆಗೆ ಸಂತೋಷದ ಸುದ್ದಿ. ಆದರೆ ಕಿಂಡಿ ಬಿದ್ದ ಪೊರೆ ಒಂದೇ ದಿಕ್ಕಿಗೆ ಬಾಗಿಲು ತೆರೆಯುವುದಿಲ್ಲ. ಸಕ್ಕರೆ ಒಳಹೋಗುವ ಸರಾಗವೂ ಸುಮಾರು ಎರಡು ಪಟ್ಟಾಗಿತ್ತು.

ಈ ಎರಡನೆಯ ಅಂಕಿ ಫಾರ್ವರ್ಡ್‌ಗಳಲ್ಲಿ ಎಂದೂ ಬರುವುದಿಲ್ಲ. ಶುಗರ್ ಇರುವವರಿಗೆ ಬೇಕಾದದ್ದು ಇದೇ.

ಇದೇ ತಂಡ ನಂತರ ಮಾಡಿದ ಇನ್ನೊಂದು ಕೆಲಸದಲ್ಲಿ, ಹೀಗೆ ಒಣಗಿಸಿದ ಅನಾನಸನ್ನು ಮತ್ತೆ ನೀರಿನಲ್ಲಿ ನೆನೆಸಿದರೆ ಒತ್ತಡ ಕೊಡದೆ ಒಣಗಿಸಿದ್ದರಷ್ಟು ಅದು ನೀರು ಕುಡಿಯುವುದಿಲ್ಲ ಎಂದು ಕಂಡುಬಂತು. ಚೀಲ ಹರಿದ ಮೇಲೆ ನೀರು ಹಿಡಿಯುವುದಾದರೂ ಹೇಗೆ? ಹಾಗೇ ತಿನ್ನುವುದಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ನೆನೆಸಿ ಪಾಯಸಕ್ಕೋ ಕೇಸರಿಬಾತ್‌ಗೋ ಹಾಕುವವರಿಗೆ ವ್ಯತ್ಯಾಸ ತಿಳಿಯುತ್ತದೆ.

ಹಾಗಾದರೆ ಶುಗರ್ ಇರುವವರು?

ಲೆಕ್ಕ ಹಾಕಿ ನೋಡೋಣ. ತಾಜಾ ಅನಾನಸಿನ 100 ಗ್ರಾಂನಲ್ಲಿ ಸುಮಾರು 10 ಗ್ರಾಂ ಸಕ್ಕರೆ. ಒಂದು ಕಿಲೋ 165 ಗ್ರಾಂಗೆ ಇಳಿದಾಗ ಆ 100 ಗ್ರಾಂ ಸಕ್ಕರೆ ಎಲ್ಲೂ ಹೋಗಿರುವುದಿಲ್ಲ, ಹೋದದ್ದು ನೀರು ಮಾತ್ರ. ಹಾಗಾಗಿ ಏನೂ ಸೇರಿಸದೆ ಒಣಗಿಸಿದ 100 ಗ್ರಾಂನಲ್ಲೂ ಸುಮಾರು 60 ಗ್ರಾಂ ಸಕ್ಕರೆ ಇರುತ್ತದೆ. ಒಣದ್ರಾಕ್ಷಿಯಲ್ಲೂ ಸುಮಾರು ಇಷ್ಟೇ. ಟಿವಿ ನೋಡುತ್ತ ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿ, ಅಂದರೆ 30 ಗ್ರಾಂನಲ್ಲಿ 18 ಗ್ರಾಂ. ನಾಲ್ಕು ಚಮಚ ಸಕ್ಕರೆ. ಅಷ್ಟೇ ತೂಕದ ತಾಜಾ ಹೋಳಿನಲ್ಲಿ 3 ಗ್ರಾಂ. ತಾಜಾ ಹಣ್ಣಾದರೆ ನಾಲ್ಕು ಹೋಳಿಗೆ ಹೊಟ್ಟೆ ತುಂಬಿದಂತಾಗುತ್ತದೆ, ಒಣಗಿದ್ದನ್ನು ನಿಲ್ಲಿಸುವುದೇ ಕಷ್ಟ.

ಪಾಕದಲ್ಲಿ ಅದ್ದಿದ್ದರೆ ಇದರ ಮೇಲೆ ಇನ್ನಷ್ಟು ಸಕ್ಕರೆ ಸೇರಿರುತ್ತದೆ, ಹಣ್ಣಿನ ಹುಳಿ ಸ್ವಲ್ಪ ಪಾಕಕ್ಕೆ ಹೋಗಿರುತ್ತದೆ. ಅದಕ್ಕೇ ಅದು ಅಷ್ಟು ಸಿಹಿ. (ಮಾರುವವರಿಗೆ ತೂಕವೂ ಜಾಸ್ತಿ ಸಿಗುತ್ತದೆ, ಹಣ್ಣಿಗಿಂತ ಸಕ್ಕರೆ ಅಗ್ಗ.) ಒತ್ತಡ ಕೊಟ್ಟು ಪಾಕದಲ್ಲಿಟ್ಟಿದ್ದರೆ ಸಕ್ಕರೆ ಇನ್ನೂ ಸುಲಭವಾಗಿ ಒಳಹೋಗುತ್ತದೆ. ಒತ್ತಡಕ್ಕೆ ಸಕ್ಕರೆಯನ್ನು ತೆಗೆಯುವ ಶಕ್ತಿ ಇಲ್ಲ.

ಹಾಗಾಗಿ ಪ್ಯಾಕೆಟ್‌ನ ಮುಂಭಾಗದ ‘ನ್ಯಾಚುರಲ್’, ‘ನೋ ಹೀಟ್’ ಬಿಟ್ಟು ಹಿಂಭಾಗ ತಿರುಗಿಸಿ. ಪೋಷಕಾಂಶಗಳ ಪಟ್ಟಿಯಲ್ಲಿ ‘ಟೋಟಲ್ ಶುಗರ್ಸ್’ ಮತ್ತು ‘ಆಡೆಡ್ ಶುಗರ್ಸ್’ ಎಂಬ ಎರಡು ಸಾಲು ಇರಬೇಕು, ಭಾರತದ ಲೇಬಲ್ ನಿಯಮವೇ ಹಾಗಿದೆ. ಎರಡನೆಯದು ಸೊನ್ನೆ ಆಗಿದ್ದರೆ ಪಾಕ ಹಾಕಿಲ್ಲ ಎಂದರ್ಥ, ಸಕ್ಕರೆ ಇಲ್ಲ ಎಂದಲ್ಲ. ಎಷ್ಟು ತಿನ್ನಬಹುದು ಎಂಬುದನ್ನು ನಿಮ್ಮ ಮಾತ್ರೆ, ಇನ್ಸುಲಿನ್ ಗೊತ್ತಿರುವ ವೈದ್ಯರನ್ನೇ ಕೇಳಿ.

ಒತ್ತಡ ಕೊಟ್ಟರೆ ಕೆಡುವುದೇ ಇಲ್ಲವಂತೆ?

400ರಿಂದ 600 ಮೆಗಾಪಾಸ್ಕಲ್ ಒತ್ತಡದಲ್ಲಿ ಬೆಳೆಯುವ ಸ್ಥಿತಿಯಲ್ಲಿರುವ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಬಹುಪಾಲು ಸಾಯುತ್ತವೆ. ಬ್ಯಾಕ್ಟೀರಿಯಾದ ಬೀಜಾಣುಗಳು ಸಾಯುವುದಿಲ್ಲ. ಜೊತೆಗೆ ಚೀಲ ಬಿಚ್ಚಿ ಒಣಗಿಸುವಾಗ, ಪ್ಯಾಕ್ ಮಾಡುವಾಗ ಹೊಸ ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ. ಒಣಹಣ್ಣನ್ನು ಕಾಪಾಡುವುದು ಕೊನೆಗೂ ನೀರಿನ ಕೊರತೆಯೇ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಯಾವ ತಂತ್ರಜ್ಞಾನದ ಹಣ್ಣಾದರೂ ಬೂಷ್ಟು ಹಿಡಿಯುತ್ತದೆ.

ಹಣ್ಣು ಕಪ್ಪಾಗುವುದನ್ನೂ ಒತ್ತಡ ಸುಲಭವಾಗಿ ತಡೆಯದು. ಹೆಚ್ಚಿದ ಸೇಬು, ಬಾಳೆ ಕಂದಾಗಿಸುವ ಕಿಣ್ವ ಒತ್ತಡಕ್ಕೆ ಜಗ್ಗುವಂಥದ್ದಲ್ಲ. ಬದಲಿಗೆ, ಪೊರೆ ಹರಿದಾಗ ಬೇರೆ ಬೇರೆ ಕೋಣೆಯಲ್ಲಿದ್ದ ಕಿಣ್ವವೂ ಅದರ ಆಹಾರವೂ ಬೆರೆತು ಹಣ್ಣು ಇನ್ನೂ ಬೇಗ ಕಂದಾಗಬಹುದು. ಹಾಗಾಗಿ ನಿಂಬೆ ಹುಳಿಯಂಥದ್ದೋ ಗಂಧಕದ ಸಂರಕ್ಷಕವೋ ಬೇಕಾಗಬಹುದು. “ಒತ್ತಡದ ಹಣ್ಣು ಅಂದರೆ ಕೆಮಿಕಲ್ ಇಲ್ಲ” ಎಂದು ತೀರ್ಮಾನಿಸಬೇಡಿ. ಆಸ್ತಮಾ ಇರುವ ಕೆಲವರಿಗೆ ಗಂಧಕದ ಸಂರಕ್ಷಕಗಳಿಂದ ಉಸಿರಾಟದ ತೊಂದರೆ ಆಗುತ್ತದೆ. ಅಂಥವರು ಲೇಬಲ್‌ನಲ್ಲಿ 220, 223, 224 ಎಂಬ ಸಂಖ್ಯೆಗಳನ್ನು ಹುಡುಕಬೇಕು.

ನಾವು ಕೊಳ್ಳುವ ಒಣದ್ರಾಕ್ಷಿಗೂ ಹೀಗೇ ಒತ್ತಡ ಕೊಟ್ಟಿರುತ್ತಾರೆಯೇ?

ಇಲ್ಲ. ಅಂಗಡಿಯಲ್ಲಿ ಸಿಗುವ ಒಣಹಣ್ಣುಗಳಲ್ಲಿ ಬಹುಪಾಲು ಒತ್ತಡದ ಯಂತ್ರವನ್ನು ಕಂಡೇ ಇಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಒಣದ್ರಾಕ್ಷಿಯನ್ನೇ ನೋಡಿ. ದ್ರಾಕ್ಷಿಯ ನೀರಿಗೆ ದೊಡ್ಡ ತಡೆ ಸಿಪ್ಪೆಯ ಮೇಲಿನ ಮೇಣದ ತೆಳು ಪದರ. ಅದನ್ನು ಸಡಿಲಿಸಲು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ‘ಡಿಪ್ಪಿಂಗ್ ಆಯಿಲ್’ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ನೆರಳಿನ ಶೆಡ್‌ಗಳಲ್ಲಿ ಜಾಲರಿಯ ಅಟ್ಟಣಿಗೆ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರದಲ್ಲಿ ಒಣಗುತ್ತದೆ, ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಇದರ ವಿಡಿಯೊ ಹಾಕಿ “ದ್ರಾಕ್ಷಿಗೆ ವಿಷದ ಸ್ನಾನ” ಎನ್ನುವವರಿದ್ದಾರೆ. ಪೊಟ್ಯಾಸಿಯಂ ಕಾರ್ಬೊನೇಟ್ ಕಟ್ಟಿಗೆ ಬೂದಿಯಲ್ಲಿ ಇರುವಂಥದ್ದೇ. ಮೆಡಿಟರೇನಿಯನ್ ಸುತ್ತಲಿನ ದೇಶಗಳಲ್ಲಿ ಬೂದಿನೀರಿಗೆ ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿ ಅದ್ದುವುದು ಹಳೆಯ ಪದ್ಧತಿ. ತಿನ್ನುವ ಮೊದಲು ತೊಳೆಯುವುದು ಒಳ್ಳೆಯದೇ, ಅದು ಮುಖ್ಯವಾಗಿ ಧೂಳಿಗಾಗಿ.

ಮನೆಯಲ್ಲಿ ಒಣಗಿಸುವವರಿಗೂ ಪೊರೆ ಸಡಿಲಿಸುವ ಅಗ್ಗದ ದಾರಿಗಳಿವೆ. ಸಿಪ್ಪೆ ಇರುವ ಹಣ್ಣನ್ನು ಕುದಿಯುವ ನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆಯಬಹುದು. ಅಥವಾ ಹೋಳುಗಳನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ಕರಗಿಸಿ ಒಣಗಿಸಬಹುದು. ಐಸಿನ ಹರಳುಗಳೇ ಪೊರೆ ಹರಿಯುತ್ತವೆ. ರಸ ಸ್ವಲ್ಪ ಸೋರುತ್ತದೆ, ಹಣ್ಣು ಮೆತ್ತಗಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ತೆಳ್ಳಗೆ ಹೆಚ್ಚುವುದು.

ರೈತ ಸಂಘಗಳು ಯಂತ್ರ ಕೊಳ್ಳಬಹುದೇ?

ಬನವಾಸಿ ಸುತ್ತಲಿನ ಅನಾನಸು ಬೆಳೆಗಾರರಿಗೆ, ದರ ಬಿದ್ದಾಗ ಹಣ್ಣು ಹೊಲದಲ್ಲೇ ಕೊಳೆಯುವ ನೋವು ಹೊಸದಲ್ಲ. “ಹೈ ಪ್ರೆಶರ್ ಡ್ರೈಯಿಂಗ್ ಮಷಿನ್ ಹಾಕಿ, ಕರೆಂಟ್ ಉಳಿಯುತ್ತೆ” ಎಂಬ ಜಾಹೀರಾತು ಇಂಥವರನ್ನು ಸೆಳೆಯುತ್ತದೆ. ಮೊದಲಿಗೆ, ಹೈ ಪ್ರೆಶರ್ ಯಂತ್ರ ಹಣ್ಣನ್ನು ಒಣಗಿಸುವುದೇ ಇಲ್ಲ, ಒಣಗಿಸಲು ಸಿದ್ಧ ಮಾಡುತ್ತದೆ. ಡ್ರೈಯರ್ ಬೇರೆ ಬೇಕು.

ಕರೆಂಟಿನ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಒಂದು ಕಿಲೋ ಅನಾನಸಿನ 835 ಗ್ರಾಂ ನೀರನ್ನು ಆವಿ ಮಾಡಲು ಕನಿಷ್ಠ 1,900 ಕಿಲೋಜೂಲ್ ಶಾಖ ಬೇಕು, ಬಿಸಿಗಾಳಿ ಸೋರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಒಂದು ಕಿಲೋ ನೀರನ್ನು 600 ಮೆಗಾಪಾಸ್ಕಲ್‌ಗೆ ಒತ್ತಲು ಬೇಕಾದ ಶಕ್ತಿ 50 ಕಿಲೋಜೂಲ್‌ನ ಒಳಗೇ ಬರುತ್ತದೆ, ಏಕೆಂದರೆ ಅಷ್ಟು ಒತ್ತಡಕ್ಕೂ ನೀರು ಶೇ. 15ರಷ್ಟು ಮಾತ್ರ ಕುಗ್ಗುತ್ತದೆ. ದುಬಾರಿ ಆಗುವುದು ಒತ್ತುವ ಕೆಲಸ ಅಲ್ಲ, ಅಷ್ಟು ಒತ್ತಡವನ್ನು ದಿನಕ್ಕೆ ಹತ್ತಾರು ಬಾರಿ ತಡೆಯುವ ಉಕ್ಕಿನ ಕೊಳವೆ. ಕಾರ್ಖಾನೆ ಮಟ್ಟದ ಯಂತ್ರದ ಬೆಲೆ ಕೋಟಿಗಳಲ್ಲಿದೆ, ಮತ್ತು ಅದು ಒಂದು ಸಲಕ್ಕೆ ಒಂದು ಕೊಳವೆ ತುಂಬ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿಯೇ ಇದು ಹೆಚ್ಚು ಬೆಲೆಗೆ ಮಾರಬಹುದಾದ ಜ್ಯೂಸ್‌ನಂಥವುಗಳಲ್ಲಿ ನೆಲೆಯೂರಿದೆ, ಒಣಹಣ್ಣಿನಲ್ಲಿ ಬಹುತೇಕ ಪ್ರಯೋಗಾಲಯದಲ್ಲೇ ಉಳಿದಿದೆ.

ಯಾರಾದರೂ ಕೆಲವೇ ಲಕ್ಷಕ್ಕೆ ‘ಹೈ ಪ್ರೆಶರ್’ ಯಂತ್ರ ಕೊಡುತ್ತೇವೆಂದರೆ ಎಷ್ಟು ಮೆಗಾಪಾಸ್ಕಲ್ ಎಂದು ಕೇಳಿ. ಉತ್ತರ ನೂರರೊಳಗಿದ್ದರೆ ಅದು ಈ ಲೇಖನದಲ್ಲಿ ಹೇಳಿದ ತಂತ್ರಜ್ಞಾನ ಅಲ್ಲ. ನಿಮ್ಮ ಹಣ್ಣಿನ ಹತ್ತು ಕಿಲೋ ಕೊಟ್ಟು, ಒತ್ತಡ ಕೊಟ್ಟದ್ದು ಐದು ಕಿಲೋ, ಕೊಡದ್ದು ಐದು ಕಿಲೋ, ಒಂದೇ ಡ್ರೈಯರ್‌ನಲ್ಲಿ ನಿಮ್ಮ ಕಣ್ಣೆದುರೇ ಒಣಗಿಸಿ ತೋರಿಸಲು ಹೇಳಿ. ಎರಡಕ್ಕೂ ಹಿಡಿದ ಗಂಟೆಗಳನ್ನು ಬರೆದುಕೊಳ್ಳಿ.